ಎಣ್ಣೆ ಮಂಡಿಯವರ ಒಣ ವ್ಯಾನು

ಹರಳೆಣ್ಣೆ ಕಾಯಿಸುವ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ, ನನಗಂತೂ ಹಿಡಿಸುವುದಿಲ್ಲ. ಆದರೆ ನನಗೆ ಏನು ಹಿಡಿಸುತ್ತದೆ ಎಂಬುದು ನನ್ನ ಮಗಳು ಸರೋಜಳಿಗೆ ಯಾವತ್ತೂ ದೊಡ್ಡ ವಿಷಯವಾಗಿಲ್ಲ. ಹುಣಸೂರಿನ ಅವಳ ಮನೆಗೆ ಬಂದು ನೆಲೆಸಿದ ಮೇಲೆ, ಬೆಳಿಗ್ಗೆ ತಿಂಡಿಯಾದ ಕೂಡಲೇ ನನ್ನ ಎರಡೂ ಮಂಡಿಗಳನ್ನು ಅವಳ ವಶಕ್ಕೆ ಒಪ್ಪಿಸಬೇಕು. ಅವಳದೇ ಮಂಡಿಗಳು ನೆಟ್ಟಗಿಲ್ಲ, ಎಪ್ಪತ್ತರ ಹತ್ತಿರದ ಹೆಂಗಸು. ಆದರೂ ನೆಲದ ಮೇಲೆ ಕೂತು ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ಇವತ್ತು ಆ ವಾಸನೆ ಅಡಿಗೆ ಮನೆಯಿಂದ ಬಂದಾಗ ನಾನು ಮೂಗಿಗೆ ಸೆರಗು ಹಿಡಿದೆ.

"ಎಣ್ಣೆ ಮಂಡಿ ಸೊಸೆ ನೀನು. ಎಣ್ಣೆ ವಾಸನೆ ಆಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ?" ಎಂದಳು.

ನಂಬುವುದಿಲ್ಲ, ನಿಜ. ಪಿರಿಯಾಪಟ್ಟಣದಲ್ಲಿ ನಾನು ಸೊಸೆಯಾಗಿ ಹೋದ ಮನೆಯಲ್ಲಿ ಎಣ್ಣೆಯಿಲ್ಲದ ಜಾಗವೇ ಇರಲಿಲ್ಲ. ಮುಂದಿನ ಭಾಗದಲ್ಲಿ ಮಂಡಿ, ಹಿಂದಿನ ಭಾಗದಲ್ಲಿ ಮನೆ. ಹುಚ್ಚೆಳ್ಳೆಣ್ಣೆ, ಹರಳೆಣ್ಣೆ, ಹೊಂಗೆಣ್ಣೆ, ಕಡಲೆಕಾಯಿ ಎಣ್ಣೆ, ಎಲ್ಲವೂ ಪೀಪಾಯಿಗಳಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಬಾಗಿಲ ಹಿಡಿ ಜಾರುತ್ತಿತ್ತು, ನೆಲ ಜಾರುತ್ತಿತ್ತು, ನೆಂಟರು ಜಾರಿ ಬೀಳುತ್ತಿದ್ದರು. ಇಡೀ ಊರಿಗೆ ಎಣ್ಣೆ ಮಾರುತ್ತಿದ್ದ ಆ ಮನೆಯಲ್ಲಿ ಒಂದು ತೊಟ್ಟು ಎಣ್ಣೆಯನ್ನೂ ಕಾಣದೆ ಒಣಗಿ ಕಿರುಗುಟ್ಟುತ್ತಿದ್ದ ವಸ್ತು ಒಂದೇ ಒಂದಿತ್ತು. ಅದು ನಮ್ಮ ವ್ಯಾನು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ಅಲ್ಲಿನ ಯಾವುದೋ ಕಾಫಿ ತೋಟದಲ್ಲಿ ದುಡಿದು ಮುದಿಯಾಗಿದ್ದ ವ್ಯಾನನ್ನು ನನ್ನ ಭಾವ, ಅಂದರೆ ನನ್ನ ಗಂಡನ ಅಣ್ಣ ಮರಿಬಸಪ್ಪನವರು ಕೊಂಡು ತಂದಿದ್ದರು. ಮುಂದೆ ಇಬ್ಬರು ಕೂರುವ ಸೀಟು, ಹಿಂದೆ ತಗಡು ಹೊಡೆದ ಮರದ ಪೆಟ್ಟಿಗೆ. ನಡುವೆ ಹಲಗೆಯ ಗೋಡೆ, ಅದರಲ್ಲಿ ಒಬ್ಬರ ತಲೆ ತೂರುವಷ್ಟು ಕಿಂಡಿ. ಹಿಂದಿನ ಬಾಗಿಲು ಒಂದೇ. ಅದರ ಹಿಡಿಯನ್ನು ತಿರುಗಿಸಿದರೆ ಎರಡು ಕಬ್ಬಿಣದ ಸರಳುಗಳು, ಒಂದು ಮೇಲಿನಿಂದ ಒಂದು ಕೆಳಗಿನಿಂದ, ಒಳಕ್ಕೆ ಸರಿದು ಬಾಗಿಲು ಬಿಡುತ್ತಿತ್ತು. ತೋಟದ ಸಾಹೇಬರು ಕಾಫಿ ಚೀಲ ಕಳುವಾಗದಿರಲೆಂದು ಅಷ್ಟು ಭದ್ರವಾಗಿ ಮಾಡಿಸಿದ್ದರಂತೆ.

ವ್ಯಾನು ತಂದ ದಿನ ಹುಣಸೂರಿನ ಮೆಕ್ಯಾನಿಕ್ ಒಬ್ಬ ಬಂದು ಅಣ್ಣತಮ್ಮಂದಿರಿಬ್ಬರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿಹೋಗಿದ್ದ. ಮುಂದಿನ ಚಕ್ರ ತಿರುಗುವ ಗೂಟಗಳಿಗೆ, ಸ್ಪ್ರಿಂಗ್ ಪಟ್ಟಿಗಳ ತುದಿಗೆ, ಕ್ಲಚ್ ಪೆಡಲಿನ ಕೀಲಿಗೆ ಗ್ರೀಸು ಹಾಕಬೇಕು. ಆಕ್ಸಿಲರೇಟರಿನಿಂದ ಎಂಜಿನ್ನಿಗೆ ಹೋಗುವ ಸರಳಿನ ಗಂಟುಗಳಿಗೆ, ಹ್ಯಾಂಡ್ ಬ್ರೇಕಿನ ತಂತಿಗೆ, ಬಾಗಿಲುಗಳಿಗೆ ತೆಳು ಎಣ್ಣೆ ಬಿಡಬೇಕು. ಹಾಕುವ ಮೊದಲು ಹಳೇ ಜಿಡ್ಡು ಒರೆಸಬೇಕು. ವಾರ ತಪ್ಪಿಸಬಾರದು. ಇಬ್ಬರೂ ತಲೆಯಾಡಿಸಿದ್ದರಂತೆ. ನಮ್ಮ ಮನೆಯ ಗಂಡಸರು ತಲೆಯಾಡಿಸುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ.

ಒಂದಷ್ಟು ಕಾಲ ಪೂಜೆ ಮಾಡಿದಂತೆ ಮಾಡಿದರಂತೆ ಕೂಡ. ಆಮೇಲೆ ಬೋರ್ಡು ಬರೆಸಿದರು. ವ್ಯಾನಿನ ಎರಡೂ ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಮರಿಬಸಪ್ಪ ಅಂಡ್ ಬ್ರದರ್, ಎಣ್ಣೆ ವ್ಯಾಪಾರಿಗಳು' ಎಂದು ಬರೆಸಿದವರು ಭಾವ. ಆ 'ಬ್ರದರ್' ನಮ್ಮವರು. ತನಗೂ ಒಂದು ಹೆಸರಿದೆ, ಅದನ್ನು ತಂದೆತಾಯಿ ಜಂಗಮರನ್ನು ಕರೆಸಿ ಇಟ್ಟಿದ್ದಾರೆ ಎಂದು ನಮ್ಮವರು ಹೇಳಿದರು. ಬೋರ್ಡಿನಲ್ಲಿ ಜಾಗ ಸಾಲದು ಎಂದು ಭಾವ ಹೇಳಿದರು. ಇಷ್ಟಕ್ಕೇ ಒಂದು ಸಂಸಾರ ಒಡೆಯುತ್ತದೆಯೇ ಎಂದು ನೀವು ಕೇಳಬಹುದು. ನನ್ನ ಅನುಭವದಲ್ಲಿ ಗಂಡಸರಿಗೆ ಇಷ್ಟೂ ಬೇಕಾಗುವುದಿಲ್ಲ.

ನಾನು ಆ ಮನೆಗೆ ಕಾಲಿಟ್ಟಾಗ ಪಾಲು ಆಗಿಹೋಗಿತ್ತು. ಮಂಡಿಯ ನಡುವೆ ತಡಿಕೆ, ಅಡಿಗೆ ಮನೆಯ ನಡುವೆ ಗೋಡೆ. ಪಂಚಾಯ್ತಿಗೆ ಕೂತ ಹಿರಿಯರು ಹಸು, ಪೀಪಾಯಿ, ತಕ್ಕಡಿ ಎಲ್ಲವನ್ನೂ ಹಂಚಿದ ಮೇಲೆ ವ್ಯಾನಿನ ಮುಂದೆ ಬಂದು ನಿಂತರು. ಅದನ್ನು ಎರಡು ಭಾಗ ಮಾಡಲು ಬರುವುದಿಲ್ಲವಲ್ಲ. ಅಣ್ಣನಿಗೆ ಒಂದು ವಾರ, ತಮ್ಮನಿಗೆ ಒಂದು ವಾರ ಎಂದು ತೀರ್ಮಾನಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನ್ಯಾಯ ಪೂರ್ತಿಯಾಗಬೇಕೆಂದು ವ್ಯಾನಿನ ಸಾಮಾನುಗಳನ್ನೂ ಹಂಚಿದರು. ಗ್ರೀಸು ತುಂಬುವ ಗನ್ನು ಅಣ್ಣನ ಪಾಲಿಗೆ ಹೋಯಿತು, ಗ್ರೀಸಿನ ಡಬ್ಬ ತಮ್ಮನ ಪಾಲಿಗೆ ಬಂತು. ಹೊಸದಾಗಿ ಬಂದ ಸೊಸೆಯಾದ ನಾನು ಅಟ್ಟದ ಮೇಲೆ ಆ ಡಬ್ಬ ಕಂಡು ಬೆಣ್ಣೆ ಕೆಟ್ಟಿದೆಯೆಂದು ಎಸೆಯಲು ಹೋಗಿ ಬೈಸಿಕೊಂಡಿದ್ದೇನೆ.

"ಗನ್ನು ಅವ್ನತ್ರ ಐತೆ, ಗ್ರೀಸು ನನ್ನತ್ರ ಐತೆ. ಅವ್ನೇ ಬಂದು ಕೇಳ್ಲಿ" ಎನ್ನುತ್ತಿದ್ದರು ನಮ್ಮವರು.

ಗೋಡೆಯ ಆಚೆ ಭಾವ ಇದೇ ಮಾತನ್ನು ತಿರುಗಿಸಿ ಹೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ, ನನ್ನ ವಾರಗಿತ್ತಿ ಚೆನ್ನಕ್ಕ. ಗಂಡಂದಿರು ಮಾತು ಬಿಟ್ಟಿದ್ದರೇ ಹೊರತು ಹೆಂಡಿರು ಬಿಟ್ಟಿರಲಿಲ್ಲ. ಬಾವಿ ಒಂದೇ ಇತ್ತು, ಅದನ್ನು ಹಂಚಲು ಹಿರಿಯರಿಗೆ ತೋಚಿರಲಿಲ್ಲ. ನೀರು ಸೇದುವ ನೆಪದಲ್ಲಿ ನಾವಿಬ್ಬರೂ ಎರಡು ಮನೆಯ ಸಮಾಚಾರವನ್ನೂ ಸೇದಿಕೊಳ್ಳುತ್ತಿದ್ದೆವು.

ಗ್ರೀಸು ಹೋಗಲಿ, ಎಣ್ಣೆಯಾದರೂ ಬಿಡಬಹುದಿತ್ತಲ್ಲ, ಮನೆ ತುಂಬಾ ಪೀಪಾಯಿ. ಇಲ್ಲ. ನಮ್ಮವರ ವಾರದಲ್ಲಿ ಎಣ್ಣೆ ಬಿಟ್ಟರೆ ಮುಂದಿನ ವಾರ ಅಣ್ಣ ಸುಖವಾಗಿ ಓಡಿಸಿಕೊಳ್ಳುತ್ತಾನೆ. ಅಣ್ಣ ಬಿಟ್ಟರೆ ತಮ್ಮ ಸುಖಪಡುತ್ತಾನೆ. ಹೀಗೆ ಇನ್ನೊಬ್ಬರಿಗೆ ಸುಖವಾಗದಂತೆ ನೋಡಿಕೊಳ್ಳುವುದರಲ್ಲಿ ಇಬ್ಬರೂ ಒಡಹುಟ್ಟಿದವರೆಂಬುದನ್ನು ಚೆನ್ನಾಗಿಯೇ ತೋರಿಸಿಕೊಟ್ಟರು. ವ್ಯಾನಿನ ಸ್ಪ್ರಿಂಗುಗಳು ಒಣಗಿ ಅರಚತೊಡಗಿದವು. ಕೆ.ಆರ್. ನಗರದ ಸಂತೆಗೆ ಹೋಗಿಬರುವಾಗ ಪಿರಿಯಾಪಟ್ಟಣದ ಗಡಿ ಮುಟ್ಟುವ ಮೊದಲೇ ನನಗೆ ಮನೆಯಲ್ಲಿ ಕೇಳಿಸುತ್ತಿತ್ತು, ಸಾರು ಬಿಸಿಗಿಡುತ್ತಿದ್ದೆ. ಸ್ಟೀರಿಂಗು ಎಷ್ಟು ಬಿಗಿಯಾಯಿತೆಂದರೆ ತಿರುವು ಬಂದಾಗ ನಮ್ಮವರು ಸೀಟಿನಿಂದ ಎದ್ದು ನಿಂತು, ಬಾವಿಯ ರಾಟೆ ಎಳೆದಂತೆ ಎಳೆಯಬೇಕಿತ್ತು. ಆಕ್ಸಿಲರೇಟರಿನ ಸರಳು ಒತ್ತಿದರೆ ಒತ್ತಿದಲ್ಲೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಅದಕ್ಕೆ ಒಂದು ಹುರಿ ಕಟ್ಟಿದರು. ಕಾಲಿನಿಂದ ಒತ್ತುವುದು, ಕೈಯಿಂದ ಹುರಿ ಎಳೆದು ಬಿಡಿಸುವುದು. ಆ ಹುರಿಯನ್ನೂ ಇಬ್ಬರೂ ಬೇರೆ ಬೇರೆ ಇಟ್ಟುಕೊಂಡಿದ್ದರು. ತಮ್ಮ ತಮ್ಮ ವಾರಕ್ಕೆ ತಂದು ಕಟ್ಟುವುದು, ವಾರ ಮುಗಿದಾಗ ಬಿಚ್ಚಿಕೊಂಡು ಹೋಗುವುದು.

ಹಿಂದಿನ ಬಾಗಿಲು ಬಿಗಿಯಾದಾಗ ಮಾತ್ರ ನಮ್ಮವರು ಸೋತರು. ಪೀಪಾಯಿ ಇಳಿಸದಿದ್ದರೆ ವ್ಯಾಪಾರ ನಿಲ್ಲುತ್ತದಲ್ಲ. ಆದರೆ ಒಳ್ಳೆಯ ಎಣ್ಣೆ ಹಾಕುವಷ್ಟು ಸೋಲಲಿಲ್ಲ. ಹರಳೆಣ್ಣೆ ಪೀಪಾಯಿಯ ತಳದಲ್ಲಿ ಉಳಿದ ಗಸಿಯನ್ನು ತಂದು, ಹಳೇ ಧೂಳಿನ ಮೇಲೆಯೇ ಸುರಿದರು. ಎರಡು ದಿನ ಬಾಗಿಲು ಚೆನ್ನಾಗಿ ತೆರೆಯಿತು. ಆಮೇಲೆ ಗಸಿಯೂ ಹುಣಸೂರು ರಸ್ತೆಯ ಕೆಂಪು ಧೂಳೂ ಕೂಡಿ ಅಂಟಿನಂತಾಗಿ ಸರಳುಗಳನ್ನು ಹಿಡಿದುಕೊಂಡವು. ಗುದ್ದಿದರೆ, ಒದ್ದರೆ ಬಿಡುತ್ತಿತ್ತು. ಒದ್ದರೆ ಬಿಡುವ ವಸ್ತುವಿಗೆ ರಿಪೇರಿ ಏಕೆಂದು ಇಬ್ಬರೂ ಒದೆಯುವುದನ್ನೇ ಅಭ್ಯಾಸ ಮಾಡಿಕೊಂಡರು.

ಈ ನಡುವೆ ನಾನು ಬಸುರಿಯಾದೆ. ಚೊಚ್ಚಲು. ತೌರಿನಲ್ಲಿ ನನಗೆ ತಾಯಿ ಇರಲಿಲ್ಲ, ಆದ್ದರಿಂದ ಹೆರಿಗೆ ಪಿರಿಯಾಪಟ್ಟಣದಲ್ಲೇ ಎಂದಾಯಿತು. ಊರಿನ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, "ಕೂಸು ಸರಿಯಾಗಿ ಕೂತಿಲ್ಲ ಕಣವ್ವ. ನೋವು ಕಾಣಿಸ್ಕಂಡ ತಕ್ಷಣ ಉಣಸೂರಿನ ಆಸ್ಪತ್ರೆಗೆ ಓಗ್ಬುಡಿ. ನನ್ನ ನೆಚ್ಕಬ್ಯಾಡಿ" ಎಂದಿದ್ದಳು. ನಮ್ಮವರು ಅದಕ್ಕೂ ತಲೆಯಾಡಿಸಿದರು. ದಿನವಿನ್ನೂ ಇದೆ ಎಂದುಕೊಂಡು ಹುಚ್ಚೆಳ್ಳು ಕೊಳ್ಳಲು ಬಸ್ಸಿನಲ್ಲಿ ಹೆಗ್ಗಡದೇವನಕೋಟೆಗೆ ಹೋದರು. ಹೋದ ಮಾರನೆಯ ಬೆಳಿಗ್ಗೆ, ಮಜ್ಜಿಗೆ ಕಡೆಯುತ್ತಿದ್ದಾಗ ನನಗೆ ನೋವು ಬಂತು.

ಅದು ಭಾವನ ವಾರ.

ಚೆನ್ನಕ್ಕ ಓಡಿಹೋಗಿ ಗಂಡನಿಗೆ ಹೇಳಿದಳು. ಭಾವ ವ್ಯಾನಿನಿಂದ ಪೀಪಾಯಿಗಳನ್ನು ಇಳಿಸಿ, ಒಳಗೆ ಹುಲ್ಲು ಹರಡಿ, ಮೇಲೆ ತಮ್ಮ ಹಾಸಿಗೆಯನ್ನೇ ಹಾಸಿದರು. ಆ ಕಾಲದಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗೇ ನೋವಿನಿಂದ ಬಾಗಿ ನಿಂತಿದ್ದರೂ ಅವರು ಮಂಡಿಯ ಕಂಬವನ್ನು ನೋಡುತ್ತಾ, "ಅತ್ತಿಸ್ಬೋದು" ಎಂದರು. ಚೆನ್ನಕ್ಕ ನನ್ನನ್ನು ಹತ್ತಿಸಿ ತಾನೂ ಹತ್ತಿದಳು. ಭಾವ ಹೊರಗಿನಿಂದ ಬಾಗಿಲನ್ನು ಧಡಾರನೆ ಹಾಕಿ, ಹಿಡಿ ತಿರುಗಿಸಿ, ಭದ್ರವಾಯಿತೇ ಎಂದು ಎರಡು ಸಲ ಎಳೆದು ನೋಡಿದರು. ಭದ್ರವಾಗಿತ್ತು.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪ್ರಿಂಗುಗಳು ಅರಚುತ್ತಿದ್ದವು, ಜೊತೆಗೆ ನಾನೂ. ನಮ್ಮಿಬ್ಬರಲ್ಲಿ ಯಾರದು ಹೆಚ್ಚು ಎಂದು ರಸ್ತೆ ಪಕ್ಕದ ಹೊಲದವರಿಗೆ ಹೇಳುವುದು ಕಷ್ಟವಾಗಿರಬೇಕು. ಕಿಂಡಿಯಲ್ಲಿ ಭಾವನ ಬೆನ್ನು ಕಾಣುತ್ತಿತ್ತು. ತಿರುವಿನಲ್ಲಿ ಎದ್ದು ನಿಂತು ಸ್ಟೀರಿಂಗು ಎಳೆಯುವುದು, ಕೂರುವುದು, ಹುರಿ ಎಳೆಯುವುದು, ಎದುರಿಗೆ ಬಂದ ಗಾಡಿಯವರನ್ನು ಬೈಯುವುದು. ನಡುನಡುವೆ ಹಿಂತಿರುಗದೆ, "ಎಂಗದೆ ಅಂತೆ?" ಎಂದು ಕೇಳುತ್ತಿದ್ದರು. ಚೆನ್ನಕ್ಕ "ಬೇಗ ಓಡ್ಸಿ" ಎನ್ನುತ್ತಿದ್ದಳು. ನಂತರದ ತಿರುವಿನಲ್ಲಿ ಅವಳೇ "ಮೆಲ್ಲಗೆ ಓಡ್ಸಿ" ಎನ್ನುತ್ತಿದ್ದಳು.

ಹುಣಸೂರಿನ ಆಸ್ಪತ್ರೆಯ ಅಂಗಳ ಸೇರಿದೆವು. ಹ್ಯಾಂಡ್ ಬ್ರೇಕು ಎಂದೋ ಕಚ್ಚಿಕೊಂಡು ಹೋಗಿದ್ದರಿಂದ ಭಾವ ಇಳಿದು ಚಕ್ರಕ್ಕೆ ಕಲ್ಲಿಟ್ಟು, ಓಡಿ ಬಂದು ಹಿಂದಿನ ಬಾಗಿಲಿನ ಹಿಡಿ ತಿರುಗಿಸಿದರು. ಹಿಡಿ ಅಲುಗಲಿಲ್ಲ. ಒದ್ದರು. ಗುದ್ದಿದರು. ಅಷ್ಟು ಸಲ ಒದೆಗೆ ಬಗ್ಗಿದ್ದ ಬಾಗಿಲು ಅವತ್ತು ಬಗ್ಗಲಿಲ್ಲ. ಮೇಲಿನ ಸರಳು ಸ್ವಲ್ಪ ಸರಿದು ಅಡ್ಡಡ್ಡ ಸಿಕ್ಕಿಕೊಂಡಿತಂತೆ.

ನರ್ಸಮ್ಮ ಬಂದರು. ಕೇರಳದ ಕಡೆಯವರು, ತುಂಬ ದಪ್ಪ, ತುಂಬ ಒಳ್ಳೆಯವರು. ಅವರು ದಪ್ಪಗಿರದೆ ಸ್ವಲ್ಪ ಕಡಿಮೆ ಒಳ್ಳೆಯವರಾಗಿದ್ದರೂ ಅವತ್ತು ನನ್ನ ಅಭ್ಯಂತರವಿರಲಿಲ್ಲ. ಮುಂದಿನ ಸೀಟಿಗೆ ಹತ್ತಿ ಕಿಂಡಿಯಲ್ಲಿ ತಲೆ ತೂರಿಸಿದರು. ಒಂದು ಕೈಯೂ ಬಂತು. ಮಿಕ್ಕದ್ದು ಬರಲಿಲ್ಲ. ನನ್ನನ್ನು ನೋಡಿದ ಕೂಡಲೇ ಅವರ ಮುಖ ಬದಲಾಯಿತು.

"ಇನ್ನು ಟೈಮ್ ಇಲ್ಲ. ಇಲ್ಲೇ ಆಗುತ್ತೆ" ಎಂದರು. ಚೆನ್ನಕ್ಕನ ಕಡೆ ತಿರುಗಿ, "ನೀನ್ ಮಾಡಬೇಕು ಮೋಳೆ, ಮಗಳೇ. ನಾನ್ ಹೇಳ್ತೀನಿ, ನೀನ್ ಮಾಡು" ಎಂದರು.

"ನಂಗೇನೂ ಬರಾಕಿಲ್ಲ" ಎಂದಳು ಚೆನ್ನಕ್ಕ. ಅವಳಿಗೆ ಮಕ್ಕಳಿರಲಿಲ್ಲ.

"ಯಾರಿಗೂ ಬರಲ್ಲ. ಕೈ ತೊಳ್ಕೋ" ಎಂದು ಕಿಂಡಿಯಲ್ಲಿ ನೀರಿನ ಚೆಂಬು ಕೊಟ್ಟರು.

ಹೊರಗೆ ಭಾವ ಏನು ಮಾಡುತ್ತಿದ್ದರು ಎಂಬುದನ್ನು ನಾನು ಆಮೇಲೆ ಎಷ್ಟೋ ಬಾಯಿಂದ ಕೇಳಿದ್ದೇನೆ. ಮೊದಲು ಬಾಗಿಲಿಗೆ ಎಣ್ಣೆ ಬೇಕೆಂದು ಅಂಗಳದಲ್ಲಿದ್ದವರನ್ನೆಲ್ಲ ಕೇಳಿದರಂತೆ. ಪಿರಿಯಾಪಟ್ಟಣದ ಎಣ್ಣೆ ಸಾಹುಕಾರರು ಹುಣಸೂರಿನಲ್ಲಿ ಒಂದು ಚಮಚ ಎಣ್ಣೆಗೆ ಕೈಯೊಡ್ಡಿದ್ದನ್ನು ನೋಡಲು ಜನ ಸೇರಿದರು. ಔಷಧಿ ಕೊಡುವವನು ಒಳಗಿಂದ ಒಂದು ಸೀಸೆ ತಂದುಕೊಟ್ಟ. ಹರಳೆಣ್ಣೆ, ಭೇದಿಗೆ ಕೊಡುವುದು. ಭಾವ ಅದನ್ನೇ ಸರಳಿನ ಸಂದಿಗೆ ಸುರಿದರು. ಅಲ್ಲಿ ಆಗಲೇ ತುಂಬಿದ್ದ ಹರಳೆಣ್ಣೆಗೆ ಇದು ಜೊತೆಯಾಯಿತು ಅಷ್ಟೆ. ಬಾಗಿಲು ಒಡೆಯಿರಿ ಎಂದು ಯಾರೋ ಹೇಳಿದಾಗ, "ಇದು ನನ್ನೊಬ್ಬಂದಲ್ಲ ಕಣಪ್ಪ, ನಾಳೆ ಅವ್ನು ಪಂಚಾಯ್ತಿ ಸೇರಿಸ್ತಾನೆ" ಎಂದರಂತೆ. ಅದನ್ನು ಹೇಳಿದವರು ಸುಳ್ಳು ಹೇಳಿರಲಾರರು. ಭಾವನ ಬಾಯಿಂದ ಬರುವಂಥ ಮಾತೇ ಅದು.

ಆಮೇಲೆ ನಾನು ಕೂಗಿದ್ದು ಕೇಳಿಸಿತಂತೆ. ಜಾಕಿಯ ಸಲಾಕೆ ತೆಗೆದುಕೊಂಡು ಬಾಗಿಲ ಹತ್ತಿರ ಬಂದರು. ಹಲಗೆಗೆ ಬಾಯಿ ಹಚ್ಚಿ ಮಾತಾಡಿದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು.

"ತಾಯಿ, ಎದರ್ಕಬ್ಯಾಡ. ನಾನಿಲ್ಲೇ ಇವ್ನಿ. ಬಾಗ್ಲು ಒಡೀತೀನಿ, ಮಕ ಅತ್ಲಾಗೆ ತಿರುಗಿಸ್ಕೋ."

ಚೆನ್ನಕ್ಕನಿಗಲ್ಲ, ಕಂಬಕ್ಕಲ್ಲ, ನನಗೇ ಹೇಳಿದ್ದು. ನಾನು ಮುಖ ತಿರುಗಿಸಿಕೊಂಡೆ. ಅವರು ಬಡಿಯತೊಡಗಿದರು. ಬಾಗಿಲು ಕೀಲು ಸಮೇತ ಕಿತ್ತು ನೆಲಕ್ಕೆ ಬಿದ್ದು ಬೆಳಕು ಒಳಗೆ ಬಂದಾಗ ಮಗು ಚೆನ್ನಕ್ಕನ ಸೆರಗಿನಲ್ಲಿತ್ತು. ಹೆಣ್ಣು. ಭಾವ ಒಳಗೆ ನೋಡದೆ ಬೆನ್ನು ತಿರುಗಿಸಿ ನಿಂತು, ತಮ್ಮ ಹೊದಿಕೆಯನ್ನು ಹಿಂದಕ್ಕೆ ಚಾಚಿದರು.

ನಮ್ಮವರು ಹೆಗ್ಗಡದೇವನಕೋಟೆಯಲ್ಲಿ ಸುದ್ದಿ ತಿಳಿದು ಸಾಯಂಕಾಲ ಹುಣಸೂರಿಗೆ ಬಂದಿಳಿದರು. ಅಂಗಳದಲ್ಲಿ ಬಾಗಿಲಿಲ್ಲದ ವ್ಯಾನು, ಅದರ ಪಕ್ಕದಲ್ಲಿ ಅಣ್ಣ. ಎರಡು ವರ್ಷದಿಂದ ಮಾತು ಬಿಟ್ಟವರು. ಕಿಟಕಿಯ ಪಕ್ಕದ ಮಂಚದಲ್ಲಿದ್ದ ನನಗೆ ಇಬ್ಬರೂ ಕಾಣುತ್ತಿದ್ದರು. ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ ಎಂದೆಲ್ಲ ನಾನು ಕಾದೆ. ಬಾಣಂತಿಗೆ ಇಂಥ ಭ್ರಮೆಗಳು ಸಹಜ.

"ಬಾಗ್ಲು ಯಾರು ಒಡೆದದ್ದು?" ಎಂದರು ನಮ್ಮವರು.

"ನಾನು."

ನಮ್ಮವರು ಬಗ್ಗಿ ಬಿದ್ದಿದ್ದ ಬಾಗಿಲನ್ನು ನೋಡಿ, ಸರಳಿನ ಮೇಲಿದ್ದ ಅಂಟನ್ನು ಉಗುರಿನಿಂದ ಕೆರೆದರು. "ಗಸಿ ಆಕ್ಬಾರದಿತ್ತು" ಎಂದರು.

"ಒರೆಸ್ದೆ ಆಕಿದ್ದು ತಪ್ಪು" ಎಂದರು ಭಾವ. "ಗ್ರೀಸು ಎಲ್ಲೈತೆ?"

"ಅಟ್ಟದ ಮ್ಯಾಲೈತೆ. ಗನ್ನು?"

"ಐತೆ ಬುಡು."

ಇಷ್ಟೇ. ಮಗುವನ್ನು ನೋಡಲು ಅವರಿಬ್ಬರೂ ಒಳಗೆ ಬಂದಾಗ ದೀಪ ಹಚ್ಚಿ ಆಗಿತ್ತು. ಅಷ್ಟು ಹೊತ್ತೂ ಸರಳಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

ಅಲ್ಲಿಂದ ಮುಂದೆ ವಾರವಾರ ವ್ಯಾನಿಗೆ ಅಭ್ಯಂಜನ. ಅಣ್ಣ ಗನ್ನು ತರುವುದು, ತಮ್ಮ ಡಬ್ಬ ತರುವುದು, ಇಬ್ಬರೂ ಹಳೇ ಪಂಚೆ ಸುತ್ತಿಕೊಂಡು ವ್ಯಾನಿನ ಕೆಳಗೆ ತೂರಿಕೊಳ್ಳುವುದು. ಹೊರಗೆ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು, ಒಳಗಿಂದ ಜಗಳ ಕೇಳಿಸುತ್ತಿತ್ತು. ಹಳೇ ಗ್ರೀಸು ಪೂರ್ತಿ ಹೊರಗೆ ಬರುವವರೆಗೂ ಒತ್ತಬೇಕು ಎಂದು ಒಬ್ಬರು, ಹಾಗೆ ಒತ್ತಿದರೆ ದಂಡ ಎಂದು ಇನ್ನೊಬ್ಬರು. ಹುರಿಗಳನ್ನು ಬಿಚ್ಚಿ ಎಸೆದರು. ಕಾಲು ತೆಗೆದರೆ ಆಕ್ಸಿಲರೇಟರು ತಾನೇ ಮೇಲೆ ಬರುವುದನ್ನು ಹತ್ತು ಜನರನ್ನು ಕರೆದು ತೋರಿಸಿದರು, ಪ್ರಪಂಚದಲ್ಲಿ ಇದೇ ಮೊದಲ ಸಲ ಹಾಗಾದಂತೆ. ಗೋಡೆ ಒಡೆದರೇ ಎಂದು ಕೇಳಬೇಡಿ. ಗೋಡೆ ಇದ್ದೇ ಇತ್ತು, ತಡಿಕೆಯೂ ಇತ್ತು. ಭಾವ ಮತ್ತೆ ಕಂಬದ ಜೊತೆಗೇ ಮಾತಾಡತೊಡಗಿದರು. ಬೋರ್ಡು ಮಾತ್ರ ಹೊಸದಾಗಿ ಬರೆಸಿದರು. ಯಾರ ಹೆಸರೂ ಇಲ್ಲ, ಬರೀ 'ಎಣ್ಣೆ ವ್ಯಾಪಾರಿಗಳು'. ಕೊನೆಗೆ ವ್ಯಾನು ಹನಗೋಡಿನ ಒಬ್ಬರ ಪಾಲಾಗಿ ಹುಲ್ಲು ತುಂಬುವ ಕೋಣೆಯಾಯಿತೆಂದು ಕೇಳಿದ್ದೇನೆ.

ಈ ಕತೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿಯಾಗಿದೆಯೋ. ಮದುವೆ, ನಾಮಕರಣ, ತಿಥಿ, ಯಾವುದೇ ಇರಲಿ, ಊಟವಾದ ಮೇಲೆ ಯಾರಾದರೂ "ಆ ಬಾಗ್ಲು ಕತೆ ಏಳಿ" ಎನ್ನುತ್ತಿದ್ದರು. ನಮ್ಮವರು ಅಲ್ಲಿ ಇರಲೇ ಇಲ್ಲ, ಆದರೂ ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದುದು ಅವರೇ. ಭಾವ ಅಲ್ಲಲ್ಲಿ ತಿದ್ದುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಿಬ್ಬರೂ ಹೋದ ಮೇಲೆ ಹೇಳುವ ಕೆಲಸ ನನಗೆ ಬಂತು. ಚೆನ್ನಕ್ಕ ಬದುಕಿರುವವರೆಗೂ ಈ ಕತೆ ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದಳು. ಎಷ್ಟು ಸಲ ಕೇಳುವುದೆಂದು ಬೇಸರವಿರಬೇಕು ಅಂದುಕೊಂಡಿದ್ದೆವು.

ಇವತ್ತು ಮಂಡಿ ತಿಕ್ಕಿಸಿಕೊಳ್ಳುತ್ತಾ ಸರೋಜಳಿಗೆ ಮತ್ತೆ ಹೇಳಿದೆ. ಭೇದಿಯ ಎಣ್ಣೆಯ ಹತ್ತಿರ ಬಂದಾಗ ಅವಳು ಎಂದಿನಂತೆ ನಕ್ಕಳು. ಮುಗಿದ ಮೇಲೆ, ಕೈ ನಿಲ್ಲಿಸಿ, "ಅಮ್ಮ, ನಿನಗೆ ಭಯ ಆಗ್ಲಿಲ್ವಾ?" ಎಂದಳು.

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಇವಳೂ ಕೇಳಿರಲಿಲ್ಲ. ಒಂದು ತಮಾಷೆ ಮಾಡಿ ಮುಗಿಸೋಣ ಎಂದು ಬಾಯಿ ತೆರೆದೆ, ಬರಲಿಲ್ಲ.

"ನೀನು ಹುಟ್ಟಿದಾಗ ಅಳಲಿಲ್ಲ" ಎಂದೆ. "ಹೊರಗೆ ಬಡಿಯೋ ಸದ್ದು ಅಷ್ಟು ಜೋರಾಗಿತ್ತು. ಅಳ್ತಾ ಇರಬೋದು, ನನಗೆ ಕೇಳಿಸ್ತಿಲ್ಲ ಅಂದ್ಕೊಂಡೆ. ನಿಲ್ಸಿ, ನಿಲ್ಸಿ ಅಂತ ಕೂಗಿದೆ. ಅವರು ನಿಲ್ಸಿದ್ರು. ಆಗಲೂ ಏನೂ ಕೇಳಿಸ್ಲಿಲ್ಲ. ನೀನು ನೀಲಿಯಾಗಿದ್ದೆ. ನನಗೆ ಕಾಣಬಾರದು ಅಂತ ಚೆನ್ನಕ್ಕ ಅಡ್ಡ ತಿರುಗಿ ಕೂತಳು. ನರ್ಸಮ್ಮ ಕಿಂಡಿಯಿಂದ ಹೇಳ್ತಾನೇ ಇದ್ರು, ಬಾಯಿ ಒರೆಸು, ಬೆನ್ನು ತಿಕ್ಕು, ಇನ್ನೂ ತಿಕ್ಕು ಅಂತ. ಚೆನ್ನಕ್ಕನ ಬಳೆ ಸದ್ದು ಒಂದೇ ಕೇಳಿಸ್ತಿತ್ತು. ಹೊರಗೆ ನಿಮ್ಮ ದೊಡ್ಡಪ್ಪ ಉಸಿರು ಬಿಡೋದೂ ಕೇಳಿಸ್ತಿರ್ಲಿಲ್ಲ. ನೀನು ಹೋದೆ ಅಂತ ನಾನು ತೀರ್ಮಾನ ಮಾಡ್ಬಿಟ್ಟಿದ್ದೆ ಕಣೆ. ನಿನ್ನ ಅಪ್ಪನಿಗೆ ಏನು ಹೇಳೋದು ಅಂತ ಮಾತು ಜೋಡಿಸ್ಕೊಳ್ತಾ ಇದ್ದೆ."

"ಆಮೇಲೆ?"

"ಆಮೇಲೆ ಬೆಕ್ಕಿನ ಮರಿ ಥರ ಒಂದು ಸದ್ದು ಬಂತು. ಚೆನ್ನಕ್ಕ ಅಲ್ಲೇ ಹಲಗೆಗೆ ತಲೆ ಕೊಟ್ಟು ಅತ್ತಳು. ಅದಾದ ಮೇಲೇ ದೊಡ್ಡಪ್ಪ ಮತ್ತೆ ಬಡಿಯೋಕೆ ಶುರು ಮಾಡಿದ್ದು."

ಸರೋಜ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೀರೆಗೇ ಒರೆಸಿಕೊಂಡಳು. ಬೇರೆ ದಿನವಾಗಿದ್ದರೆ ನಾನು ಬೈಯುತ್ತಿದ್ದೆ. ಗೋಡೆಗೆ ಒರಗಿ, ನೋಯುವ ಕಾಲುಗಳನ್ನು ನೀಡಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು.

"ಮೊದಲಿಂದ ಹೇಳು" ಎಂದಳು. "ವ್ಯಾನು ಬೇಡ. ಬರೀ ನೀನು, ದೊಡ್ಡಮ್ಮ, ನಾನು."

ಹೇಳಲು ಶುರು ಮಾಡಿದೆ. ಮಜ್ಜಿಗೆ ಕಡೆಯುತ್ತಿದ್ದೆ ಎಂದೆ. ಮುಂದಿನ ಮಾತಿಗೆ ಸ್ವಲ್ಪ ಹುಡುಕಬೇಕಾಯಿತು, ಅವಳು ಕಾದಳು.